ಮೂರು ತಾಲ್ಲೂಕಿಗೆ ಒಂದೇ ಲಾನು

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನನ್ನ ಮನೆಗೆ ಫಜೀತಿ ಬರುತ್ತದೆ. ಬಂದದ್ದು ಸುಮ್ಮನೆ ಹೋಗುವುದೂ ಇಲ್ಲ, ಕೂತು ಚಹಾ ಕುಡಿದು, ತನ್ನ ತಮ್ಮನನ್ನೂ ಕರೆಸಿ ಹೋಗುತ್ತದೆ. "ಕಾಕಾ, ನಿಮಗೇ ಯಾಕ ಹಿಂಗ ಆಗ್ತದ?" ಅಂತ ನಮ್ಮ ಅಣ್ಣನ ಮಕ್ಕಳು ಕೇಳುತ್ತಾರೆ. ದೊಡ್ಡ ಮನುಷ್ಯರಿಗೆ ದೊಡ್ಡದೇ ಆಗಬೇಕಲ್ಲ! ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲ್ಲೂಕಿನಲ್ಲಿ ಮನೆಯ ಮುಂದೆ ಲಾನು ಬೆಳೆಸಿದ ಮೊದಲನೆಯ ಗಂಡಸು ನಾನು. ಅಲ್ಲ ಅನ್ನಬೇಕಾದವರು ಈಗ ಯಾರೂ ಬದುಕಿಲ್ಲ, ಆದ್ದರಿಂದ ಇದು ಖರೇ.

ಇನ್ನೂ ಹುಟ್ಟದ ಹುಲ್ಲು

ನಲವತ್ತೇಳನೆಯ ಇಸವಿಯ ಬೇಸಿಗೆ. ನಾನು ಆಗ ಆಳಂದದ ಒಂದು ಅಡತಿ ಅಂಗಡಿಯಲ್ಲಿ ಮುನೀಮ. ತೊಗರಿ, ಜೋಳದ ಲೆಕ್ಕ ಬರೆಯುವ ಕೆಲಸ. ಹೆಣ್ಣು ನೋಡಲು ಅವ್ವನ ಜೊತೆ ಸೊಲ್ಲಾಪುರಕ್ಕೆ ಹೋದೆ. ಹುಡುಗಿಯ ತಂದೆ ಅಲ್ಲಿನ ಗಿರಣಿ ಮಾಲಕರೊಬ್ಬರ ಬಂಗಲೆಯಲ್ಲಿ ಹಿರಿಯ ಮಾಲಿ. ಅವರು ಮಗಳನ್ನು ತೋರಿಸುವುದಕ್ಕಿಂತ ಮೊದಲು ಬಂಗಲೆಯ ಮುಂದಿನ ಲಾನು ತೋರಿಸಿದರು. ಹೊಸ ಜಮಖಾನ ಹಾಸಿ, ಮೇಲೆ ಒಂದು ಸುಕ್ಕೂ ಬೀಳದಂತೆ ನಾಲ್ಕು ಮಂದಿ ಹಿಡಿದು ಎಳೆದ ಹಾಗಿತ್ತು.

ಅವರು ಬಗ್ಗಿ, ತೋರುಬೆರಳನ್ನು ಹುಲ್ಲಿನೊಳಗೆ ಪೂರ್ತಿ ತುರುಕಿ, ಹೊರಗೆ ತೆಗೆದು ನನ್ನ ಮೂಗಿನ ಮುಂದೆ ಹಿಡಿದರು. ತುದಿಯವರೆಗೂ ಹಸಿ.

"ನೋಡ್ರಿ. ಮ್ಯಾಲ ತೊಯ್ದರ ಸಾಲದು, ಬೇರಿಗಿ ನೀರು ಮುಟ್ಟಬೇಕು. ಹುಲ್ಲಿಗಾದ್ರೂ ಅಷ್ಟ, ಸಂಸಾರಕ್ಕಾದ್ರೂ ಅಷ್ಟ."

ನಾನು ತಲೆಯಾಡಿಸಿದೆ.

"ನಮ್ಮ ಹುಡುಗಿ ನಡಿಯಾಕ ಕಲ್ತಿದ್ದೇ ಇದರ ಮ್ಯಾಲ. ಈಗೂ ದಿನಾ ಮುಂಜಾನೆ ಇಬ್ಬನಿಯಾಗ ಬರಿಗಾಲಲೆ ಅಡ್ಡಾಡ್ತಾಳ. ನಿಮ್ಮ ಕಡೆ ಬರೇ ಕರಿ ಮಣ್ಣು ಅಂತಾರಲ್ರಿ?"

ಬಾಗಿಲ ಹಿಂದೆ ಬಳೆಗಳ ಸಪ್ಪಳ ನಿಂತಿತು. ಹುಡುಗಿ ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ಗೊತ್ತಾದ ಕೂಡಲೆ ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು:

"ನಮ್ಮ ಮನಿ ಮುಂದನೂ ಲಾನ್ ಅದರಿ."

ಮಂಡಕ್ಕಿಯ ಸುಸಲಾ ತಿನ್ನುತ್ತಿದ್ದ ನಮ್ಮ ಅವ್ವನಿಗೆ ನೆತ್ತಿಗೇರಿತು. ಅದನ್ನು ಸುಳ್ಳು ಅನ್ನಬೇಡಿ. ಅದು ಇನ್ನೂ ಹುಟ್ಟದ ಖರೇ.

ಲಗ್ನವಾಯಿತು. ಹೊಸ ಹೆಂಡತಿ ಆಳಂದಕ್ಕೆ ಬಂದಳು, ಹೊಸ್ತಿಲು ದಾಟಿ ತಿರುಗಿ ಅಂಗಳ ನೋಡಿದಳು. ಕರಿ ಮಣ್ಣು, ಅಂಗೈ ಅಗಲದ ಬಿರುಕು, ಒಂದು ಮುರಿದ ಗಾಡಿಯ ಗಾಲಿ, ಅದರ ಮೇಲೆ ಬಾಜೂ ಮನೆಯ ಮೇಕೆ.

"ಲಾನ್ ಎಲ್ಲದರಿ?"

"ನೀನು ಬರ್ತಿ ಅಂತ ಹಳೇದು ತಗಸೇನಿ. ಹೊಸಾದು ಹಾಕಸಾಂವ ಇದ್ದೇನಿ."

ಅವಳು ಮೇಕೆಯ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಮರುದಿನ ಮುಂಜಾನೆ ಕಟ್ಟೆಯ ಮೇಲೆ ಕೂತು, ಕಾಲು ಕೆಳಗಿಟ್ಟು, ಮಣ್ಣಿನ ಹೆಂಟೆ ಚುಚ್ಚಿ ಮತ್ತೆ ಮೇಲೆತ್ತಿಕೊಂಡಳು. ಅಷ್ಟೇ ಮಾಡಿದ್ದು. ಆದರೆ ಅದನ್ನು ನೋಡಿದ ಮೇಲೆ ನನಗೆ ಜೋಳದ ಲೆಕ್ಕದಲ್ಲಿ ಮನಸ್ಸು ನಿಲ್ಲಲಿಲ್ಲ. ಆ ಕಾಲಿನ ಕೆಳಗೆ ಹುಲ್ಲು ಹಾಸುತ್ತೇನೆ, ಮಾವನವರು ನೋಡಲು ಬರುವುದರೊಳಗೆ ಹಾಸುತ್ತೇನೆ ಅಂತ ನಿರ್ಧಾರ ಮಾಡಿದೆ.

ಅವ್ವ ಮಾತ್ರ ಒಳಗಿನಿಂದ ಅಂದಳು: "ಹಳೇ ಲಾನ್ ತಗಸೀಯೇನು? ಹಂಗಾರ ಅದರ ಜೋಡಿ ಬಿರುಕೂ ತಗಸಬೇಕಾಗಿತ್ತಲ್ಲೋ!"

ಗೊಬ್ಬೂರಿನ ಚೀಲ

ಲಾನಿನ ಬೀಜ ವಿಲಾಯತಿಯಿಂದ ಹಡಗಿನಲ್ಲಿ ಬರುತ್ತದೆ ಅಂತ ನಾನು ತಿಳಿದಿದ್ದೆ. ಹೆಂಡತಿ ನಕ್ಕಳು. "ಅದು ನಮ್ಮ ಕರಿಕಿನಾ ರೀ. ಬೇರು ತಂದು ಹಚ್ಚಿದ್ರ ಆತು."

ಕರಿಕಿ! ಗಣಪತಿಗೆ ಏರಿಸುವ ಅದೇ ಗರಿಕೆ. ಗಣಪತಿಗೆ ಅದು ಪ್ರೀತಿ ಇರಬಹುದು, ನಮ್ಮ ಕರಿ ಮಣ್ಣಿನ ರೈತನಿಗೆ ಅದಕ್ಕಿಂತ ದೊಡ್ಡ ವೈರಿ ಇಲ್ಲ. ಹೊಲಕ್ಕೆ ಹೊಕ್ಕಿತೆಂದರೆ ಅಜ್ಜ ಒಂದು ತುದಿ ಹಿಡಿದು ಅಗೆಯಲು ಶುರುಮಾಡಿದರೆ ಇನ್ನೊಂದು ತುದಿ ಮೊಮ್ಮಗನಿಗೆ ಸಿಗುತ್ತದೆ.

ಗೊಬ್ಬೂರಿನಲ್ಲಿ ನಮ್ಮ ಚಿಗವ್ವನ ಮಗ ಒಕ್ಕಲುತನ ಮಾಡಿಕೊಂಡಿದ್ದ. ಹೋಗಿ ಕೇಳಿದೆ: "ಅಣ್ಣಾ, ಒಂದು ಚೀಲ ಕರಿಕಿ ಬೇಕಾಗ್ಯಾದ."

ಅವನು ಎದ್ದು ಬಾಗಿಲು ಹಾಕಿದ. ನನ್ನ ಹತ್ತಿರ ಕೂತು ಪಿಸುಮಾತಿನಲ್ಲಿ ಕೇಳಿದ:

"ಯಾರ ಹೊಲಕ್ಕ ಒಗಿಯಾಂವ ಇದ್ದಿ?"

"ಯಾರ ಹೊಲಕ್ಕೂ ಇಲ್ಲೋ."

"ನನ್ನ ಮುಂದ ಮುಚ್ಚಬ್ಯಾಡ. ಜಗಳ ಏನರ ಇರ್ಲಿ, ಕೂತು ಬಗಿಹರಸೋಣು. ಬೇಕಾದ್ರ ಬಡಿಗಿ ತಗೊಂಡು ನಾಲ್ಕು ಬಡಿ, ಹದಿನೈದು ದಿನಕ್ಕ ಮಾಯ್ತದ. ಕರಿಕಿ ಹಾಕೂದು ಅಂದ್ರ ಏನಲೇ! ಅವರ ಮನ್ಯಾಗ ಸಣ್ಣ ಮಕ್ಕಳು ಇರ್ತಾವ."

"ನಮ್ಮ ಮನಿ ಮುಂದ ಹಚ್ಚಾಕ ಬೇಕೋ ಮಾರಾಯಾ. ನೀರು ಹಾಕಿ ಬೆಳಸಾಂವ ಇದ್ದೇನಿ."

ಅವನು ನನ್ನ ಹಣೆ ಮುಟ್ಟಿ ನೋಡಿದ. ಆಮೇಲೆ ಒಳಗೆ ಕೂಗಿದ: "ಏ, ಇವಗ ಮಜ್ಜಿಗಿ ತಗೊಂಡ ಬಾ. ಬಿಸಲು ಬಡದದ."

ಸುದ್ದಿ ಊರೆಲ್ಲ ಹರಡಿತು. ಆಳಂದದಿಂದ ಒಬ್ಬ ಹುಚ್ಚ ಬಂದಿದ್ದಾನೆ, ಕರಿಕಿ ಬೇಡುತ್ತಾನೆ! ಒಂದು ಚೀಲ ಕೇಳಿದವನಿಗೆ ಗಾಡಿ ತುಂಬ ಬಂತು. "ನಮ್ಮದೂ ಒಯ್ರಿ ಸಾಹೇಬ್ರ," ಅಂತ ಒಬ್ಬ ಮುದುಕರು ಕೈ ಮುಗಿದರು. ತಿರುಗಿ ಬರುವ ದಾರಿಯಲ್ಲಿ ಪ್ರತಿ ಊರಿನ ಸೀಮೆಯಲ್ಲೂ ರೈತರು ಬಡಿಗೆ ಹಿಡಿದು ನಿಂತಿದ್ದರು. ಒಂದು ಎಳೆಯೂ ತಮ್ಮ ನೆಲಕ್ಕೆ ಬೀಳಬಾರದೆಂದು ಗಾಡಿಯ ಎರಡೂ ಬದಿಗೆ ನಡೆದು, ತಮ್ಮ ಸೀಮೆ ದಾಟಿಸಿ ಮುಂದಿನ ಊರಿನವರಿಗೆ ಒಪ್ಪಿಸುತ್ತಿದ್ದರು. ಹೈದರಾಬಾದಿನ ದೊಡ್ಡ ದೊಡ್ಡ ಸಾಹೇಬರಿಗೂ ಅಂಥ ಬಂದೋಬಸ್ತು ಸಿಕ್ಕಿರಲಿಕ್ಕಿಲ್ಲ. ಸಾಹೇಬರು ಹೋದ ಮೇಲೆ ದಾರಿಯನ್ನು ಯಾರೂ ಕಸಬರಿಗೆಯಿಂದ ಗುಡಿಸುತ್ತಿರಲಿಲ್ಲ ಅನ್ನುವುದಷ್ಟೇ ಫರಕು.

ಖಾಲಾನ ಮೇಕೆ

ಶ್ರಾವಣದ ಮಳೆಗೆ ಕರಿಕಿ ಹತ್ತಿತು. ಅದೇ ಹೊತ್ತಿಗೆ ಸೊಲ್ಲಾಪುರದ ಕಡೆ ಸ್ವಾತಂತ್ರ್ಯ ಬಂತು, ನಮ್ಮ ಕಡೆ ನಿಜಾಮರ ರಾಜ್ಯವೇ ಉಳಿಯಿತು. ನಡುವೆ ಗಡಿಯ ನಾಕಾ ಬಿಗಿಯಾಯಿತು. ಮಾವನವರು ಬರುವ ಹಾಗಿಲ್ಲ. ಅವರ ಕಾರ್ಡು ಮಾತ್ರ ಹೇಗೋ ಬರುತ್ತಿತ್ತು. "ಬೇರಿಗೆ ನೀರು ಮುಟ್ಟುತ್ತದೋ ಹೇಗೆ? ಹುಲ್ಲು ಎತ್ತರ ಬಿಡಬೇಡಿರಿ, ಮೇಲಿಂದ ಮೇಲೆ ಕತ್ತರಿಸಿರಿ. ದಾರಿ ತೆರೆದ ಕೂಡಲೆ ನೋಡಲು ಬರುತ್ತೇನೆ."

ಕತ್ತರಿಸುವ ಯಂತ್ರ ಎಲ್ಲಿಂದ ತರಲಿ? ಬಾಜೂ ಮನೆಯ ಖಾಲಾನ ಹತ್ತಿರ ಹೋದೆ. ಓಣಿಗೆಲ್ಲ ಖಾಲಾ, ಅಂದರೆ ಚಿಗವ್ವ; ಗಂಡ ತೀರಿಕೊಂಡ ಮುಸಲ್ಮಾನ ಮುದುಕಿ, ಒಂದು ಮೇಕೆಯ ಮೇಲೆ ಸಂಸಾರ. ಮೇಕೆಯನ್ನು ಗೂಟಕ್ಕೆ ಕಟ್ಟಿ ಲಾನಿನಲ್ಲಿ ಬಿಡುವುದು ಅಂತ ಕರಾರು ಆಯಿತು.

ಮೇಕೆ ನಿಯತ್ತಿನ ಪ್ರಾಣಿ. ಹಗ್ಗ ಮುಟ್ಟುವಷ್ಟು ದೂರ ಗುಂಡಗೆ, ರೊಟ್ಟಿ ಬಡಿದ ಹಾಗೆ ಮೇಯ್ದಿತು. ಹಗ್ಗ ಮುಟ್ಟದ ನಾಲ್ಕೂ ಮೂಲೆಗಳಲ್ಲಿ ಹುಲ್ಲು ಮೊಣಕಾಲು ಬೆಳೆದು ನಿಂತಿತು. ನಡುವೆ ಬೋಳು, ಸುತ್ತ ಕೂದಲು. ನಮ್ಮ ಅಂಗಡಿಯ ಮಾಲಕರು ಆ ಕಡೆ ಹಾಯ್ದು ಹೋಗುವಾಗ ನಿಂತು ನೋಡಿ, ತಮ್ಮ ಟೊಪ್ಪಿಗೆ ಸರಿಮಾಡಿಕೊಂಡು ಹೋದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಖಾಲಾನ ಹತ್ತಿರ ತಕರಾರು ಹೇಳಿದರೆ ಆಕೆ ಕೇಳಿದಳು: "ಮೂಲಿ ಉಳಿದ್ರ ಏನಾತು ಬೇಟಾ? ನನ್ನ ಬಕ್ರಿ ಇಷ್ಟು ವರ್ಷ ಕಂಟಿ ಮೇಯ್ದು ಬದುಕಿತ್ತು. ಈಗ ಬಂಗಲಾದ ಹುಲ್ಲು ತಿಂದು ಅದಕ್ಕ ಸೊಕ್ಕು ಬಂದದ. ನಿನ್ನೆ ಬೇವಿನ ತಪ್ಪಲ ಹಾಕಿದ್ರ ಮಾರಿ ತಿರುವಿತು. ಅದಕ್ಕ ಯಾರು ಜವಾಬ್ದಾರಿ?"

ಹೊಲ ಇಲ್ಲದವರ ಹೊಲ

ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಊರಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಸಜ್ಜೆ ಕಡುಬು, ಭಜ್ಜಿ ಪಲ್ಯ, ಎಳ್ಳು ಹಚ್ಚಿದ ರೊಟ್ಟಿ ಕಟ್ಟಿಕೊಂಡು ತಮ್ಮ ತಮ್ಮ ಹೊಲಕ್ಕೆ ಹೋಗಿ, ಬೆಳೆಯ ಮೇಲೆ ಆ ಎಡೆಯನ್ನೇ ಚರಗ ಅಂತ ಚೆಲ್ಲಿ, ಅಲ್ಲೇ ಉಂಡು ಬರುತ್ತಾರೆ. ಭೂಮಿತಾಯಿ ಬಸುರಿ, ಅವಳಿಗೆ ಉಣಿಸುವುದು ಅಂತ ನಂಬಿಕೆ.

ನಮಗೆ ಹೊಲ ಇರಲಿಲ್ಲ. ಅವ್ವ ಆ ವರ್ಷ ನಸುಕಿನಲ್ಲೇ ಎದ್ದು ಲಾನಿನ ನಡುವೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆಗೆ ಕೂತಳು.

"ಅವ್ವಾ, ಇದು ಬೆಳಿ ಅಲ್ಲ. ಲಾನು!"

"ನೀರು ಹಾಕಿ ಬೆಳಸೀಯೋ ಇಲ್ಲೋ? ಹಂಗಾರ ಬೆಳಿನಾ. ತಿನ್ನಾಕ ಬರ್ತದೋ ಇಲ್ಲೋ ಅದು ಭೂಮಿತಾಯಿಗಿ ಯಾಕ ಬೇಕು?"

ಅವಳು ಚರಗ ಚೆಲ್ಲುತ್ತ ಲಾನು ಸುತ್ತಿದಳು. ನನ್ನ ಎಳೆ ಹುಲ್ಲಿನ ಮೇಲೆ ಭಜ್ಜಿ ಪಲ್ಯ! ನಾನು ಹಿಂದೆ ಹಿಂದೆ ಆರಿಸುತ್ತ ಹೋದೆ. ಅಷ್ಟರಲ್ಲಿ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ದರ್ಜಿ, ಟಾಂಗಾದವನು, ಕ್ಷೌರದ ಅಜ್ಜ, ಯಾರಿಗೂ ಅಂಗೈಯಷ್ಟು ಭೂಮಿ ಇಲ್ಲದವರು. ಪ್ರತಿ ವರ್ಷ ಯಾರದೋ ಹೊಲದ ಬದುವಿನಲ್ಲಿ ಕೂತು ಉಂಡು ಬರುತ್ತಿದ್ದವರು. ಬುತ್ತಿಗಂಟು ಹಿಡಿದು ಅಂಗಳದ ಅಂಚಿಗೆ ನಿಂತು, ಬರಲೋ ಬೇಡವೋ ಅನ್ನುವಂತೆ ನನ್ನ ಹೆಂಡತಿಯ ಮುಖ ನೋಡಿದರು.

"ಬರ್ರಿ, ಬರ್ರಿ, ಚಪ್ಪಲಿ ಬಿಟ್ಟು ಬರ್ರಿ," ಅಂದಳು ಅವಳು. "ಹುಲ್ಲು ಅದ, ತಣ್ಣಗ ಅದ."

ಖಾಲಾನೂ ಬಂದಳು. ಸಂಜೆಯವರೆಗೆ ಉಂಡರು, ಹಾಡಿದರು, ಮಲಗಿದರು. ಲಾನು ನೆಲಕ್ಕೆ ಅಂಟಿಕೊಂಡಿತು. ಆದರೆ ನನ್ನ ಹೆಂಡತಿ ಆಳಂದಕ್ಕೆ ಬಂದ ಮೇಲೆ ಮೊದಲ ಸಲ ಬಾಯ್ತುಂಬ ನಕ್ಕದ್ದು ಅವತ್ತೇ. ಅದಕ್ಕೇ ನಾನು ಸಿಟ್ಟು ನುಂಗಿಕೊಂಡೆ.

ಹೋಗುವಾಗ ಕ್ಷೌರದ ಅಜ್ಜ ಹೊಟ್ಟೆ ಸವರಿಕೊಂಡು ನನ್ನ ಹೆಗಲ ಮೇಲೆ ಕೈ ಇಟ್ಟ: "ಮುನೀಮರ, ಹೊಲ ಚಲೋ ಮಾಡೀರಿ. ಮುಂದಿನ ವರ್ಷ ಜರಾ ಜ್ವಾಳಾನೂ ಹಾಕ್ರಿ. ಹಸಿ ತೆನಿ ಸುಟ್ಟು ಸೀತನಿ ತಿನ್ನಾಕ ಬರ್ತೇವಿ."

ಬಿರುಕು

ಬೇಸಿಗೆಯಲ್ಲಿ ಕರಿ ಮಣ್ಣು ಬಾಯಿಬಿಡುತ್ತದೆ ಅಂತ ಪುಸ್ತಕದಲ್ಲಿ ಓದಿದವರಿಗೆ ನಾನು ಹೇಳುವುದು ತಿಳಿಯುವುದಿಲ್ಲ. ನಾನು ಹಾಕಿದ ನೀರೆಲ್ಲ ಬಿರುಕಿನೊಳಗೆ ಗಟಗಟ ಇಳಿದು ಹೋಗುತ್ತಿತ್ತು. ಮನೆಗೆ ಬಂದವರಿಗೆಲ್ಲ ಲಾನಿನ ಮೇಲೆ ಕಲ್ಲು ಹಾಕಿ ಸ್ನಾನ ಮಾಡಿಸಿದೆ. ಸ್ನಾನ ಬೇಡ ಅಂದವರಿಗೆ ಕಾಲಾದರೂ ತೊಳೆಸಿದೆ. ಒಂದು ದಿನ ನನ್ನ ಎಡಗಾಲಿನ ಚಪ್ಪಲಿ ಬಿರುಕಿಗೆ ಬಿತ್ತು. ಕೈ ಹಾಕಿದೆ, ಸಿಗಲಿಲ್ಲ. ಬಡಿಗೆ ಹಾಕಿದೆ, ಬಡಿಗೆಯೂ ಹೋಯಿತು. ಮಳೆಗಾಲದಲ್ಲಿ ಜೇವರ್ಗಿಯ ಒಬ್ಬರ ಬಾವಿಯಲ್ಲಿ ಚಪ್ಪಲಿ ತೇಲಿತಂತೆ. ಬಡಿಗೆ ಇನ್ನೂ ಪ್ರಯಾಣದಲ್ಲಿದೆ.

ಹೆಂಡತಿ ಮಾತ್ರ ನಂಬಲಿಲ್ಲ. "ಹೌದ್ರಿ, ಹೌದು. ಚಪ್ಪಲಿ ಜೇವರ್ಗಿಗಿ ಹೋಗ್ತದ. ನೀರು ಮಾತ್ರ ಬೇರಿಗಿ ಮುಟ್ಟಂಗಿಲ್ಲ."

ಹಸನಾದ ಅಂಗಳ

ಮಳೆಗಾಲ ಶುರುವಾಗುವ ಮಿರಗದ ಮಳೆ ಒಂದೆರಡು ಬಿತ್ತು. ಅದಕ್ಕೆ ಮೊದಲೇ ಮಾಳಿಗೆಗೆ ಹೊಸ ಕೆಂಪು ಮಣ್ಣು ಹಾಕಿಸಿದ್ದೆವು. ನಮ್ಮ ಕಡೆ ಮನೆಗಳಿಗೆ ಹೆಂಚಿಲ್ಲ, ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಪ್ರತಿ ಮಳೆಗಾಲಕ್ಕೆ ಮೊದಲು ಮಣ್ಣು ಹಾಕದಿದ್ದರೆ ಸೋರುತ್ತದೆ. ಮಳೆ ಬಿದ್ದದ್ದೇ ನನ್ನ ಸತ್ತ ಲಾನು ಎದ್ದು ಕೂತಿತು. ಏನು ಹಸಿರು! ಜೊತೆಗೆ ಜೇಕು, ಉತ್ತರಾಣಿ, ಏನೇನೋ ಕಳೆಯೂ ಎದ್ದಿತು. "ಲಾನಿಗೆ ಕಳೆಯೇ ಕ್ಷಯರೋಗ," ಅಂತ ಮಾವನವರು ಬರೆದಿದ್ದರು.

ಕಳೆ ತೆಗೆಯುವ ಹೆಣ್ಣುಮಕ್ಕಳನ್ನು ಕರೆಸಿದೆ. ಹೊಲದಲ್ಲಿ ನುರಿತವರು. ನಾನು ಜಮೀನ್ದಾರನ ಗತ್ತಿನಲ್ಲಿ ಹೇಳಿದೆ: "ನೋಡ್ರವ್ವಾ, ಬೆಳಿ ಬಿಟ್ಟು ಉಳಿದದ್ದೆಲ್ಲಾ ಬೇರುಸಹಿತ ಕಿತ್ತು ಒಗೀರಿ." ಹೇಳಿ ಅಂಗಡಿಗೆ ಹೋದೆ. ಹೆಂಡತಿ ಖಾಲಾನ ಮನೆಯಲ್ಲಿ ಕೌದಿ ಹೊಲಿಯಲು ಕೂತಿದ್ದಳು. ಮನೆಯಲ್ಲಿ ಅವ್ವ ಒಬ್ಬಳೇ.

ಸಂಜೆ ಬಂದು ನೋಡುತ್ತೇನೆ, ಅಂಗಳ ಕನ್ನಡಿಯ ಹಾಗೆ ಇತ್ತು. ಒಂದು ಎಳೆ ಹುಲ್ಲಿಲ್ಲ. ನಟ್ಟನಡುವೆ ಎಲ್ಲಿಂದಲೋ ಬಿದ್ದು ಹುಟ್ಟಿದ್ದ ಒಂದು ತೊಗರಿ ಸಸಿ. ಅದರ ಸುತ್ತ ಮಡಿ ಕಟ್ಟಿ, ನೀರು ಹಾಕಿ, ಹೆಣ್ಣುಮಕ್ಕಳು ಹೆಮ್ಮೆಯಿಂದ ನಿಂತಿದ್ದರು.

"ಕರಿಕಿ ಭಾಳ ಹಬ್ಬಿತ್ತರಿ ಯಪ್ಪಾ," ಅಂದಳು ಅವರಲ್ಲಿ ಹಿರಿಯಳು. "ಒಂದ ಬೇರೂ ಬಿಟ್ಟಿಲ್ಲ. ನಿಮ್ಮ ಬೆಳಿಗಿ ಒಂದು ಎಲಿ ಸೈತ ಧಕ್ಕಿ ಆಗಿಲ್ಲ ನೋಡ್ರಿ."

ನನ್ನ ಬಾಯಿಂದ ಸಣ್ಣ ದನಿ ಬಂತು: "ಕಿತ್ತದ್ದು ಎಲ್ಲದ?"

"ನೆಲದ ಮ್ಯಾಲ ಬಿಟ್ರ ಮತ್ತ ಹತ್ತತದಲ್ರಿ, ಅದರ ಹಾಳು ಜಾತಿ! ಕಸ ಒಣಗಸ್ತೇವಿ ಅಂದ್ವಿ, ನಿಮ್ಮ ಅವ್ವಾರು ಒಳಗಿಂದನಾ ನಿಚ್ಚಣಿಕಿ ಕೊಟ್ರು. ಎಲ್ಲಾ ಮಾಳಿಗಿ ಮ್ಯಾಲ ಹರವೇವಿ, ಬಿಸಲಿಗಿ ಸಾಯ್ಲಿ ಅಂತ."

ಅಷ್ಟರಲ್ಲಿ ಹೆಂಡತಿ ಬಂದಳು. ತೊಗರಿ ಸಸಿ ನೋಡಿದಳು, ನನ್ನ ಮುಖ ನೋಡಿದಳು, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ನನಗೆ ಬಂದಿಲ್ಲ. ಆಮೇಲೆ ಅವಳೇ ಹೊರಗೆ ಬಂದು ಹೆಣ್ಣುಮಕ್ಕಳಿಗೆಲ್ಲ ಬೆಲ್ಲದ ಚಹಾ ಕೊಟ್ಟು, "ಭಾಳ ಚಲೋ ಮಾಡೀರಿ," ಅಂದಳು. ಹಿರಿಯಳು ಖುಷಿಯಾಗಿ, "ಮತ್ತ ಕರಿಕಿ ಎದ್ರ ಕರೀರಿ ತಂಗಿ, ಪುಕಟ ಬರ್ತೇವಿ," ಅಂದಳು.

ಬೇರಿಗೆ ನೀರು

ಅದಾದ ಮರುದಿನವೇ ಊರಲ್ಲಿ ಸುದ್ದಿ ಕೆಟ್ಟಿತು. ನಿಜಾಮರ ರಾಜ್ಯದಲ್ಲಿ ಗಲಾಟೆಯ ಕಾಲ, ದಿನಾ ಲೂಟಿಯಾದ ಒಂದು ಊರಿನ ಹೆಸರು ಕೇಳಿಬರುತ್ತಿತ್ತು. ಮಾಲಕರು ಅಂಗಡಿ ಮುಚ್ಚಿದರು. ನಾವು ಮೂವರೂ ಗಂಟುಮೂಟೆ ಕಟ್ಟಿ ಗಡಿ ದಾಟಿ ಸೊಲ್ಲಾಪುರಕ್ಕೆ ನಡೆದೆವು. ಖಾಲಾ ನಮ್ಮ ಮನೆಯ ಕೀಲಿಯನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡಳು. "ಫಿಕೀರ್ ಮಾಡಬ್ಯಾಡ್ರಿ. ನಾನು ಸತ್ರ ಈ ಗಂಟು ಬಿಚ್ಚತದ, ಇಲ್ಲಂದ್ರ ಇಲ್ಲ."

ಸೊಲ್ಲಾಪುರದಲ್ಲಿ ಮಳೆಗಾಲವೆಲ್ಲ ಮಾವನವರ ರೊಟ್ಟಿ ತಿಂದೆ. ಸಂಜೆಗೊಮ್ಮೆ ಅವರು ಕೇಳುವರು: "ನಿಮ್ಮ ಲಾನ್ ಹ್ಯಾಂಗದರಿ ಅಳಿಯಂದ್ರ?"

"ಹ್ಯಾಂಗ ಅಂದ್ರ? ಸೂಜಿ ಬಿದ್ರ ನೆಲಾ ಮುಟ್ಟಂಗಿಲ್ರಿ. ಅಷ್ಟು ದಟ್ಟ."

ಹೆಂಡತಿ ರೊಟ್ಟಿ ಬಡಿಯುವುದನ್ನು ಒಂದು ಗಳಿಗೆ ನಿಲ್ಲಿಸಿ, ಮತ್ತೆ ಬಡಿಯುವಳು. ಆಳಂದದ ದಾರಿ ಬೇಗ ತೆರೆಯಲಿ ಅಂತ ಎಲ್ಲರೂ ದೇವರಿಗೆ ಹರಕೆ ಹೊತ್ತರು. ತೆರೆದರೂ ಮಾವನವರು ಇನ್ನೊಂದು ಚೂರು ತಡವಾಗಿ ಹೊರಡಲಿ, ಮೊದಲು ಹೋಗಿ ಒಂದಿಷ್ಟು ಕರಿಕಿ ಹಚ್ಚುವಷ್ಟು ವೇಳೆ ಸಿಗಲಿ ಅಂತ ಬೇಡಿಕೊಂಡವನು ನಾನೊಬ್ಬನೇ.

ಭಾದ್ರಪದದಲ್ಲಿ ಹೈದರಾಬಾದಿನ ಸರಕಾರ ಬಿತ್ತು, ದಾರಿ ತೆರೆಯಿತು. ನಾವು ಹೊರಡುವ ಮೊದಲೇ ಮಾವನವರು ಬಿಳಿ ರುಮಾಲು ಸುತ್ತಿ, ಕೈಯಲ್ಲಿ ಕಳೆ ತೆಗೆಯುವ ಖುರಪಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಜಿಟಿಜಿಟಿ ಮಳೆಯಲ್ಲಿ ಆಳಂದ ಮುಟ್ಟಿದೆವು. ಓಣಿ ತಿರುಗಿದ್ದೇ ನಮ್ಮ ಅಂಗಳ ಕಂಡಿತು. ಕೆಸರು, ಕೆಸರಿನಲ್ಲಿ ಖಾಲಾನ ಮೇಕೆ, ನಡುವೆ ಮುಳ್ಳಿನ ಬೇಲಿಯೊಳಗೆ ನನ್ನೆತ್ತರ ಬೆಳೆದ ಒಂದೇ ಒಂದು ತೊಗರಿ ಗಿಡ. ಮಾವನವರು ಗಿಡ ನೋಡಿದರು. ನನ್ನನ್ನು ನೋಡಿದರು. ಮತ್ತೆ ಗಿಡ ನೋಡಿದರು. ಮೂರು ತಾಲ್ಲೂಕಿಗೆ ಹೆಸರಾದ ನನ್ನ ನಾಲಿಗೆ ಅವತ್ತು ಹೊರಡಿಸಿದ್ದು ಒಂದೇ ಶಬ್ದ. "ಲಾನ್..." ಅಂದೆ.

ಆಗ ಹೆಂಡತಿಯ ದನಿ ಕೇಳಿತು:

"ಅಪ್ಪಾ, ನೀ ಕೆಳಗ ಯಾಕ ನೋಡಾಕತ್ತಿ? ನಮ್ಮ ಊರಾಗ ಲಾನ್ ಕೆಳಗ ಹಾಕಂಗಿಲ್ಲ, ಮಾಳಿಗಿ ಮ್ಯಾಲ ಹಾಕ್ತಾರ. ಕೆಳಗ ಹಾಕಿದ್ರ ಖಾಲಾನ ಬಕ್ರಿ ಬಿಡಬೇಕಲ್ಲ?"

ನಾನು ತಲೆಯೆತ್ತಿದೆ. ಮಾಳಿಗೆಯ ಅಂಚಿನಿಂದ ಹಸಿರು ಇಳಿಬಿದ್ದಿತ್ತು! ಬಿಸಿಲಿಗೆ ಸಾಯಲಿ ಅಂತ ಹರವಿದ ಕರಿಕಿ, ಹೊಸ ಮಣ್ಣು ಸಿಕ್ಕಿ, ಒಂದು ಮಳೆಗಾಲ ಪೂರ್ತಿ ಕುಡಿದು, ಮೇಕೆಯ ಹಲ್ಲು, ಮುನೀಮನ ಕೈ ಯಾವುದೂ ತಾಗದೆ ತನ್ನಷ್ಟಕ್ಕೆ ಲಾನಾಗಿತ್ತು.

ಹೆಂಡತಿ ಚಪ್ಪಲಿ ಬಿಟ್ಟು ಎಲ್ಲರಿಗಿಂತ ಮೊದಲು ನಿಚ್ಚಣಿಕೆ ಏರಿದಳು. ಅವಳು ಮೇಲೆ ಈ ತುದಿಯಿಂದ ಆ ತುದಿಗೆ ನಡೆದದ್ದು ನಮಗೆ ಕಂಡಿತು, ಆದರೆ ಕಾಲುಂಗುರದ ಸಪ್ಪಳ ಕೇಳಲಿಲ್ಲ. ಹುಲ್ಲು ಅಷ್ಟು ದಟ್ಟ ಇತ್ತು.

ಖಾಲಾ ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟಳು, ನನ್ನ ಬೆನ್ನು ತಟ್ಟಿದಳು. "ಭಾಳ ಹುಶಾರ ಇದ್ದಿ ಬೇಟಾ, ಹೋಗೂ ಮೊದಲ ಎತ್ತಿ ಮ್ಯಾಲ ಇಟ್ಟು ಹೋದಿ."

ಮಾವನವರು ನಿಧಾನವಾಗಿ ಏರಿದರು, ಬಗ್ಗಿದರು, ಬೆರಳು ತುರುಕಿದರು, ತೆಗೆದು ನೋಡಿದರು. ಇಳಿದು ಬಂದು ಪಡಸಾಲೆಯಲ್ಲಿ ಕೂತರು. ಅವ್ವ ಚಹಾ ತಂದಳು. ಮಗಳ ಮಾತು ನಂಬಿದರೋ ಇಲ್ಲವೋ? ಅವರು ಚಹಾ ಸುರಿದುಕೊಂಡ ಬಸಿ ಎತ್ತಿ ಬಾಯಿಗೆ ಹಿಡಿದರು. ಅದೇ ಹೊತ್ತಿಗೆ ಮೇಲಿಂದ ಒಂದು ಕೆಂಪು ಹನಿ ಟಪ್ಪನೆ ಬಸಿಗೆ ಬಿತ್ತು. ಇನ್ನೊಂದು ಅವರ ಬಿಳಿ ರುಮಾಲಿಗೆ. ಮೂರನೆಯದು ಮೂಗಿಗೆ. ಎಲ್ಲರೂ ಮೇಲೆ ನೋಡಿದೆವು. ಜಂತಿಯ ಸಂದಿಯಿಂದ ಕರಿಕಿಯ ಬೇರುಗಳು ಬೆಳ್ಳಗೆ, ಮುದುಕನ ಗಡ್ಡದ ಹಾಗೆ ಜೋತಾಡುತ್ತಿದ್ದವು.

ಮಾವನವರು ಬಸಿ ಕೆಳಗಿಟ್ಟು, ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿ ಗಂಭೀರವಾಗಿ ಅಂದರು:

"ನೀರು ಬೇರಿಗಿ ಮುಟ್ಟ್ಯದರಿ ಅಳಿಯಂದ್ರ. ಬೇರಿಂದ ನನಗೂ ಮುಟ್ಟ್ಯದ."